ನೀರಿನ ಗಾಡಿ ನೀರು ಕುಡಿದ ಕತೆ

"ಒಳಗೆ ಸ್ವಲ್ಪ ನೀರು ಹೋಗಿರಬಹುದು" ಅಂತ ಹಳೇ ಜೆಟ್ ಸ್ಕೀ (ನೀರಿನ ಮೇಲೆ ಓಡಿಸುವ ಸ್ಕೂಟರ್ ಥರದ ಗಾಡಿ) ಮಾರುವವನು ಫೋನಿನಲ್ಲೇ ಹೇಳಿದ್ದ. ಪಾಪ, ಸುಳ್ಳು ಹೇಳಲಿಲ್ಲ. ಸ್ವಲ್ಪ ಅಂದರೆ ಒಂದು ಚೊಂಬು, ಹೆಚ್ಚೆಂದರೆ ಎರಡು ಅಂದುಕೊಂಡದ್ದು ನನ್ನ ತಪ್ಪು.

ನಾವಿರುವುದು ಅಮೆರಿಕದ ಮಿಷಿಗನ್‌ನಲ್ಲಿ, ಡೆಟ್ರಾಯಿಟ್ ಪಕ್ಕ. ಈ ಒಂದು ರಾಜ್ಯದಲ್ಲೇ 11,000ಕ್ಕಿಂತ ಜಾಸ್ತಿ ಕೆರೆಗಳಿವೆ. ಹಿಮ ಕರಗಿ ಬೇಸಿಗೆ ಬಂತು ಅಂದರೆ ನಮ್ಮ ಬೀದಿಯಲ್ಲಿ ಮನೆಮನೆ ಮುಂದೆ ಟ್ರೇಲರ್ ಮೇಲೆ ತೇಲುವಂಥದ್ದು ಏನಾದರೊಂದು ಕೂತಿರುತ್ತದೆ. ನಮ್ಮ ಮನೆ ಮುಂದೆ ಮಾತ್ರ ತುಳಸಿ ಕುಂಡ. ಅದು ನನಗೆ ಚುಚ್ಚುತ್ತಿತ್ತು ಅಂತ ಕಾಣುತ್ತೆ. ಇಲ್ಲದಿದ್ದರೆ 1997ರ ಮಾಡೆಲ್ ಜೆಟ್ ಸ್ಕೀ ನೋಡಲು 60 ಮೈಲಿ ಹೋಗುತ್ತಿರಲಿಲ್ಲ.

(ಜೆಟ್ ಸ್ಕೀ ಅನ್ನೋದು ನಿಜಕ್ಕೂ ಕವಾಸಾಕಿಯವರ ಬ್ರ್ಯಾಂಡ್ ಹೆಸರು. ಆದರೆ ವನಸ್ಪತಿಗೆಲ್ಲ ಡಾಲ್ಡಾ ಅನ್ನುವ ಜನ ನಾವು. ನನ್ನದು ಬೇರೆ ಕಂಪನಿಯದು, ಹೆಸರು ಬೇಡ, ಅದರದ್ದೇನೂ ತಪ್ಪಿಲ್ಲ.)

ಹೋಗುವ ಮುಂಚೆ ಮೂರು ರಾತ್ರಿ ಕೂತು ವಿಡಿಯೋ ನೋಡಿದ್ದೆ. ಇಂಜಿನ್ ಆಯಿಲ್ ಹಾಲು ಹಾಕಿದ ಕಾಫಿ ಬಣ್ಣಕ್ಕೆ ತಿರುಗಿದ್ದರೆ ನೀರು ಸೇರಿದೆ ಅಂತ ಅರ್ಥ. ಕಾಫಿ ಬಣ್ಣ ನನಗೆ ಗೊತ್ತಿಲ್ಲವಾ? ಹಾಗಾಗಿ ಹೋದವನೇ ತುಂಬಾ ತಿಳಿದವನ ಥರ "ಡಿಪ್‌ಸ್ಟಿಕ್ ತೋರಿಸಿ" ಅಂದೆ. ಆತ ನನ್ನ ಮುಖ ನೋಡಿದ. "ಇದು ಟೂ ಸ್ಟ್ರೋಕ್" ಅಂದ. ಟೂ ಸ್ಟ್ರೋಕ್‌ನಲ್ಲಿ ಆಯಿಲ್ ಪೆಟ್ರೋಲಿನ ಜೊತೆ ಸೇರಿ ಉರಿದೇ ಹೋಗುತ್ತದೆ, ಕೆಳಗೆ ನಿಂತಿರಲು ಆಯಿಲೂ ಇಲ್ಲ, ಅಳೆಯಲು ಕಡ್ಡಿಯೂ ಇಲ್ಲ. ಚೌಕಾಸಿ ಶುರುವಾಗುವ ಮೊದಲೇ ನಾನು ಸೋತಿದ್ದೆ.

ಸೀಟು ಎತ್ತಿದೆವು. ಎರಡು ದಿನದ ಕಲಗಚ್ಚಿನ ವಾಸನೆ. ಮಳೆಗಾಲದಲ್ಲಿ ಹೊಳೆ ಉಕ್ಕಿ ಇಳಿದ ಮೇಲೆ ಮನೆಯ ಗೋಡೆ ಮೇಲೆ ಕೆಸರಿನ ಗೆರೆ ಉಳಿಯುತ್ತಲ್ಲ, ಅಂಥದ್ದೇ ಕಂದು ಗೆರೆ ಒಳಗೆ ಸುತ್ತಲೂ ಇತ್ತು. ಬ್ಯಾಟರಿ ದಾಟಿ, ಕಾರ್ಬ್ಯುರೇಟರ್‌ನ ಅರ್ಧದವರೆಗೆ. ಸ್ಪಾರ್ಕ್ ಪ್ಲಗ್ ಬಿಚ್ಚಿದರೆ ಒಂದು ಕಂದು ಬಣ್ಣಕ್ಕೆ, ಇರಬೇಕಾದ ಹಾಗೇ ಇತ್ತು. ಇನ್ನೊಂದರ ತುದಿಯಲ್ಲಿ ಬೆಲ್ಲದ ಪುಡಿ ಥರ ತುಕ್ಕು. ಎರವಲು ತಂದಿದ್ದ ಗೇಜ್ ಹಾಕಿ ಎರಡೂ ಸಿಲಿಂಡರಿನ ಕಂಪ್ರೆಷನ್, ಅಂದರೆ ಒಳಗಿನ ಒತ್ತಡ, ನೋಡಿದೆ. ಒಂದರಲ್ಲಿ 130 ಪಿಎಸ್‌ಐ, ಇನ್ನೊಂದರಲ್ಲಿ 95. ಎರಡಕ್ಕೂ ನಡುವೆ ಶೇ. 10ಕ್ಕಿಂತ ಜಾಸ್ತಿ ವ್ಯತ್ಯಾಸ ಇದ್ದರೆ ಸುಮ್ನೆ ಮನೆಗೆ ಹೋಗಿ ಅಂತ ಆ ವಿಡಿಯೋಗಳಲ್ಲೆಲ್ಲ ಹೇಳಿದ್ದರು.

ಆತ 1,200 ಡಾಲರ್ ಇದ್ದದ್ದನ್ನು 900ಕ್ಕೆ ಇಳಿಸಿದ. ನಾನು ಮನೆಗೆ ಹೋದೆ, ಜೆಟ್ ಸ್ಕೀ ಸಮೇತ.

"ನೀರಲ್ಲಿ ಓಡುವ ಗಾಡಿ ನೀರು ಬಿದ್ದು ಕೆಟ್ಟಿದೆಯಾ?" ಅಂತ ಹೆಂಡತಿ ಕೇಳಿದಳು. ಇದಕ್ಕೆ ಇವತ್ತಿಗೂ ನನ್ನ ಹತ್ತಿರ ಸರಿಯಾದ ಉತ್ತರ ಇಲ್ಲ.

ಮೊದಲು ಪೆಟ್ರೋಲ್ ಪರೀಕ್ಷೆ. ಟ್ಯಾಂಕಿನ ತಳದಿಂದ ಸ್ವಲ್ಪ ಎಳೆದು ಗಾಜಿನ ಬಾಟಲಿಯಲ್ಲಿ ಇಟ್ಟರೆ ಪೆಟ್ರೋಲ್ ಮೇಲೆ, ನೀರು ಕೆಳಗೆ ನಿಲ್ಲುತ್ತದೆ. ಇಲ್ಲಿನ ಪೆಟ್ರೋಲಿನಲ್ಲಿ ಸಾಮಾನ್ಯವಾಗಿ ಶೇ. 10ರವರೆಗೆ ಎಥನಾಲ್ ಇರುತ್ತದೆ. ಅದು ನೀರನ್ನು ಎಳೆದುಕೊಳ್ಳುತ್ತದೆ, ಜಾಸ್ತಿಯಾದಾಗ ನೀರಿನ ಜೊತೆ ತಾನೂ ಕೆಳಗಿಳಿದು ಕೂರುತ್ತದೆ. ನನ್ನ ಬಾಟಲಿಯಲ್ಲಿ ಎರಡು ಬೆರಳು ಪೆಟ್ರೋಲ್, ಮೂರು ಬೆರಳು ನೀರು. ಅತ್ತೆ ಊರಿಂದ ಕಳಿಸಿದ್ದ ಮಾವಿನ ಮಿಡಿ ಮುಗಿದ ಬಾಟಲಿ ಅದು. ಮುಗಿದಿತ್ತು ಅಂತ ನನ್ನ ಅಭಿಪ್ರಾಯ. ತಳದಲ್ಲಿ ಇನ್ನೂ ರಸ ಇತ್ತು ಅಂತ ಹೆಂಡತಿಯದು.

ಕೆಟ್ಟ ಪೆಟ್ರೋಲ್ ತೆಗೆದೆ, ಕಾರ್ಬ್ಯುರೇಟರ್ ಬಿಚ್ಚಿ ತೊಳೆದೆ, ಹೊಸ ಪ್ಲಗ್, ಹೊಸ ಬ್ಯಾಟರಿ ಹಾಕಿದೆ. ಗುಂಡಿ ಒತ್ತಿದರೆ ಇಂಜಿನ್ ಗರಗರ ಅನ್ನುತ್ತದೆ, ಹತ್ತಿಕೊಳ್ಳಲ್ಲ. ಅಷ್ಟು ಹೊತ್ತಿಗೆ ತಿಪಟೂರಿನಿಂದ ಅಪ್ಪನ ವಿಡಿಯೋ ಕಾಲ್. ನಮಗೆ ಬೆಳಿಗ್ಗೆ ಹನ್ನೊಂದು, ಅಲ್ಲಿ ರಾತ್ರಿ ಎಂಟೂವರೆ, ಮುದ್ದೆ ಮುಂದೆ ಕೂತಿದ್ದರು.

"ಟೂ ಸ್ಟ್ರೋಕಾ? ಹಂಗಾದ್ರೆ ಸ್ವಲ್ಪ ಓರೆ ಮಾಡೋ" ಅಂದರು.

ಅಪ್ಪ ಇಪ್ಪತ್ತೆರಡು ವರ್ಷ ಬಜಾಜ್ ಚೇತಕ್ ಓಡಿಸಿದವರು. ಸ್ಟಾರ್ಟ್ ಆಗದಿದ್ದರೆ ತಮ್ಮ ಕಡೆಗೆ ಒಂದು ಸಲ ಬಾಗಿಸಿ, ಒಂದು ಕ್ಷಣ ಬಿಟ್ಟು, ಎತ್ತಿ ಒದ್ದರೆ ಮುಗಿಯಿತು. ಆ ದೃಶ್ಯ ನೋಡುತ್ತಾ ಬೆಳೆದವನು ನಾನು. ಪಕ್ಕದ ಮನೆಯವನನ್ನು ಕರೆದು, ಸುಮಾರು 200 ಕೆಜಿ ತೂಕದ ಗಾಡಿಯನ್ನು ಹುಲ್ಲಿನ ಮೇಲೆ ಇಳಿಸಿ, ಇಬ್ಬರೂ ಉಸಿರು ಬಿಗಿಹಿಡಿದು ಎಡಕ್ಕೆ ಬಾಗಿಸಿದೆವು. ಒಳಗೆಲ್ಲೋ ಗುಳುಗುಳು ಅಂತ ಸದ್ದಾಯಿತು. "ಕೇಳಿಸ್ತಾ? ಪೆಟ್ರೋಲ್ ಇಳೀತಿದೆ" ಅಂದರು ಅಪ್ಪ, ತುತ್ತು ಮುರಿಯುತ್ತಾ.

ಎತ್ತಿ ನಿಲ್ಲಿಸಿ ಗುಂಡಿ ಒತ್ತಿದೆ. ಟಕ್. ಅಷ್ಟೇ. ಗರಗರವೂ ಇಲ್ಲ.

ಈ ಗಾಡಿಗಳ ಸೈಲೆನ್ಸರ್ ಒಳಗೆ ಯಾವಾಗಲೂ ಒಂದಷ್ಟು ನೀರು ನಿಂತಿರುತ್ತದೆ. ತಪ್ಪು ಕಡೆಗೆ ಬಾಗಿಸಿದರೆ ಅದು ಎಕ್ಸಾಸ್ಟ್ ಹಿಡಿದು ನೇರವಾಗಿ ಸಿಲಿಂಡರಿಗೆ ಬರುತ್ತದೆ. ಗಾಳಿಯನ್ನಾದರೆ ಪಿಸ್ಟನ್ ಒತ್ತಬಹುದು, ನೀರನ್ನು ಒತ್ತಲಾಗುವುದಿಲ್ಲ. ಅದೃಷ್ಟ ಕೆಟ್ಟರೆ ಒಳಗಿನ ಕನೆಕ್ಟಿಂಗ್ ರಾಡೇ ಬಗ್ಗಿಹೋಗುತ್ತದೆ. ಯಾವ ಕಡೆ ಬಾಗಿಸಬೇಕು ಅಂತ ಹಿಂದುಗಡೆ ಬಾಣದ ಗುರುತಿನ ಸ್ಟಿಕ್ಕರ್ ಅಂಟಿಸಿರುತ್ತಾರೆ. ಕೆಸರು ಒರೆಸಿ ನೋಡಿದೆ. ಬಾಣ ಬಲಕ್ಕೆ ತಿರುಗಿತ್ತು.

ಮತ್ತೆ ಪ್ಲಗ್ ಬಿಚ್ಚಿದೆ. ವೈರುಗಳ ಕಿಡಿ ಪೆಟ್ರೋಲ್ ಆವಿಗೆ ಹತ್ತಬಾರದು ಅಂತ ಅವನ್ನು ಅರ್ಥ್ ಮಾಡಿದೆ. ಅಷ್ಟು ಜಾಣತನ ಇತ್ತು. ಪ್ಲಗ್ ತೂತಿನ ನೇರಕ್ಕೆ ಮುಖ ಇಡಬಾರದು ಅನ್ನೋ ಜಾಣತನ ಇರಲಿಲ್ಲ. ಗುಂಡಿ ಒತ್ತಿದ್ದೇ ತಡ, ಕೆರೆ ನೀರು, ಎಣ್ಣೆ, ಯಾವುದೋ ಕಾಲದ ಪಾಚಿ ಎಲ್ಲ ಸೇರಿ ಪಿಚಕಾರಿ ಥರ ಹಾರಿತು. ಪಕ್ಕದ ಮನೆಯವನು ಈಗಲೂ ಸಿಕ್ಕಾಗೆಲ್ಲ ಹಣೆ ಒರೆಸಿಕೊಂಡು ತೋರಿಸುತ್ತಾನೆ.

ಆಮೇಲಿನ ಎರಡು ವಾರ ಡಬ್ಲ್ಯೂಡಿ-40 ಅನ್ನೋ ಸ್ಪ್ರೇಯ ಅಭಿಷೇಕ. ನೀರು ಓಡಿಸುವ ಮದ್ದು ಹುಡುಕುತ್ತಾ 40ನೇ ಸಲಕ್ಕೆ ಗೆದ್ದರಂತೆ, ಅದಕ್ಕೇ ಆ ಹೆಸರು. ನಾನು 40 ತಲುಪುವ ಮೊದಲೇ ಒಂದು ಸಂಜೆ ಗಾಡಿ ಕೆಮ್ಮಿ, ಗ್ಯಾರೇಜ್ ತುಂಬಾ ಹೊಗೆ ಬಿಟ್ಟು, ಕಿರುಚಿಕೊಂಡು ಎದ್ದಿತು. ತಣಿಸಲು ನಲ್ಲಿ ಪೈಪ್ ಹಾಕುವುದಕ್ಕೂ ಒಂದು ಮಡಿ ಇದೆ. ಮೊದಲು ಇಂಜಿನ್, ಆಮೇಲೆ ನೀರು. ನಿಲ್ಲಿಸುವಾಗ ಮೊದಲು ನೀರು, ಆಮೇಲೆ ಇಂಜಿನ್. ಹೆಚ್ಚುಕಮ್ಮಿಯಾದರೆ ಮತ್ತೆ ಪಿಚಕಾರಿ. ನಾನು ಬಾಯಿಪಾಠ ಮಾಡಿ ಗಟ್ಟಿಯಾಗಿ ಹೇಳಿಕೊಂಡೇ ಮಾಡಿದೆ. ನಾಲ್ಕು ಸಲ ಓಡಿಸಿದ ಮೇಲೆ ಅಂಟಿದ್ದ ಪಿಸ್ಟನ್ ರಿಂಗ್ ಸಡಿಲಾಯಿತೋ ಏನೋ, 95 ಇದ್ದ ಕಂಪ್ರೆಷನ್ 120 ತೋರಿಸಿತು. ಮಗನ ಮಾರ್ಕ್ಸ್ ಕಾರ್ಡ್ ನೋಡಿದಾಗಲೂ ನನಗೆ ಅಷ್ಟು ಸಂತೋಷ ಆಗಿರಲಿಲ್ಲ.

ಕೊನೆಗೂ ಲೇಕ್ ಸೇಂಟ್ ಕ್ಲೇರ್. ಇಲ್ಲಿ 1978ರ ಡಿಸೆಂಬರ್ 31ರ ನಂತರ ಹುಟ್ಟಿದವರು ಇದನ್ನು ಓಡಿಸಬೇಕಾದರೆ ಬೋಟಿಂಗ್ ಸುರಕ್ಷತೆಯ ಸರ್ಟಿಫಿಕೇಟ್ ಇರಬೇಕು. ನಾನು ಪರೀಕ್ಷೆ ಬರೆದು ಪಾಸಾಗಿದ್ದೆ. ಗಾಡಿಯ ಹಿಂದೆ ನೀರು ಬಸಿಯುವ ತೂತುಗಳ ಬಿರಡೆ ಮೂರು ಸಲ ತಿರುಗಿಸಿ ನೋಡಿದೆ. ಬಿದ್ದರೆ ಇಂಜಿನ್ ನಿಲ್ಲಿಸುವ ದಾರವನ್ನು ಮಣಿಕಟ್ಟಿಗೆ ಕಂಕಣದ ಹಾಗೆ ಕಟ್ಟಿಕೊಂಡೆ. ಹತ್ತು ನಿಮಿಷ ಸ್ವರ್ಗ. ಆಮೇಲೆ ಎದುರಿಗೆ ತೇಲುಗುರುತು ಬಂತು, ಹೆದರಿ ಥ್ರಾಟಲ್ ಬಿಟ್ಟು ಹ್ಯಾಂಡಲ್ ತಿರುಗಿಸಿದೆ. ಥ್ರಾಟಲ್ ಬಿಟ್ಟರೆ ಹಿಂದೆ ನೀರು ಚಿಮ್ಮುವುದಿಲ್ಲ, ನೀರು ಚಿಮ್ಮದಿದ್ದರೆ ಗಾಡಿ ತಿರುಗುವುದಿಲ್ಲ. ಪರೀಕ್ಷೆಯಲ್ಲಿ ಈ ಪ್ರಶ್ನೆಗೆ ಸರಿ ಉತ್ತರ ಬರೆದಿದ್ದೆ. ತೇಲುಗುರುತು ಪಕ್ಕಕ್ಕೆ ಹೋಯಿತು, ನಾನು ನೀರಿಗೆ ಹೋದೆ.

ದಾರ ಎಳೆದು ಇಂಜಿನ್ ನಿಂತಿತು. ಮತ್ತೆ ಹತ್ತಿ ಒತ್ತಿದರೆ ಒಂದೇ ಸಲಕ್ಕೆ ಸ್ಟಾರ್ಟ್. ದಡಕ್ಕೆ ಬಂದು ಸೀಟು ಎತ್ತಿದರೆ ಒಳಗೆ ಒಂದು ಹನಿ ನೀರಿಲ್ಲ. ಕುಣಿಯುವುದೊಂದು ಬಾಕಿ. ಟ್ರೇಲರ್ ತರೋಣ ಅಂತ ಚಡ್ಡಿ ಜೇಬಿಗೆ ಕೈ ಹಾಕಿ ಕಾರಿನ ರಿಮೋಟ್ ಕೀ ತೆಗೆದೆ. ಅದರಿಂದ ಸಣ್ಣಗೆ ನೀರು ಸುರಿಯುತ್ತಿತ್ತು.

ಗುಂಡಿ ಒತ್ತಿದರೆ ಏನೂ ಇಲ್ಲ. ಒಳಗಿನ ಲೋಹದ ಕೀಲಿ ಎಳೆದು ಬಾಗಿಲು ತೆಗೆದೆ, ಕಳ್ಳ ಬಂದ ಅಂತ ಕಾರು ಕೆರೆಯೇ ಎದ್ದು ಕೂರುವ ಹಾಗೆ ಬಡಿದುಕೊಳ್ಳತೊಡಗಿತು. ಹಿಂದೆ ಐದು ಟ್ರೇಲರ್ ಕಾಯುತ್ತಿವೆ. ಅಷ್ಟರಲ್ಲಿ, ಫೋಟೋ ತೆಗೆಯಲು ನನ್ನ ಫೋನ್ ಹಿಡಿದು ನಿಂತಿದ್ದ ಗೆಳೆಯ ಅದನ್ನು ನನ್ನ ಮುಖದ ಮುಂದೆ ಚಾಚಿದ. ಪರದೆ ಮೇಲೆ ಅಪ್ಪ.

"ಏನೋ ಅದು ಅಷ್ಟೊಂದು ಸದ್ದು? ಸ್ಟಾರ್ಟ್ ಆಗ್ತಿಲ್ವಾ?"

ಕೀಗೆ ನೀರು ಹೋಗಿದೆ ಅಂತ ಕಿರುಚಿ ಹೇಳಿದೆ.

"ಓರೆ ಮಾಡಿ ನೋಡಿದ್ಯಾ?" ಅಂದರು.