ಎಂಡೆಲ್ ಟುಲ್ವಿಂಗ್ ಬದುಕು ಬರೀ ಕಳೆದುಕೊಂಡ ಕಥೆಯಲ್ಲ

ಸೈಕಾಲಜಿ ಓದಿದವರಿಗೆ ನೆನಪಿನ ಸಂಶೋಧಕ ಎಂಡೆಲ್ ಟುಲ್ವಿಂಗ್ ಹೆಸರು ಗೊತ್ತಿರುತ್ತದೆ. ಎಪಿಸೋಡಿಕ್ ಮೆಮೊರಿ (ನಮ್ಮ ಬದುಕಿನ ಘಟನೆಗಳ ನೆನಪು), ಸೆಮ್ಯಾಂಟಿಕ್ ಮೆಮೊರಿ (ಲೋಕದ ಬಗ್ಗೆ ತಿಳಿದಿರುವ ವಿಷಯಗಳ ನೆನಪು) ಅಂತ ಪರೀಕ್ಷೆಯಲ್ಲಿ ಬರೆದಿರುತ್ತಾರೆ. ಆದರೆ ಅವರು ಎಲ್ಲಿಯವರು, ಹೇಗೆ ಬದುಕಿದರು ಅಂತ ಕೇಳಿದವರು ಕಮ್ಮಿ. ಗೊತ್ತಿದ್ದವರು ಎಲ್ಲವನ್ನೂ ಒಂದೇ ಸಾಲಿನಲ್ಲಿ ಮುಗಿಸಿಬಿಡುತ್ತಾರೆ: ಯುದ್ಧದಲ್ಲಿ ದೇಶ ಕಳೆದುಕೊಂಡರು, ಅದಕ್ಕೇ ನೆನಪಿನ ಬೆನ್ನು ಹತ್ತಿದರು. ಕೇಳಲು ಚೆನ್ನಾಗಿದೆ. ಆದರೆ ನಡೆದದ್ದು ಹಾಗಲ್ಲ.

ಅವರು ಹುಟ್ಟಿದ್ದು 1927ರಲ್ಲಿ, ಎಸ್ಟೋನಿಯಾದ ಗಡಿಯಲ್ಲಿದ್ದ ಪೆಟ್ಸೆರಿ ಎಂಬ ಊರಲ್ಲಿ. ಬಾಲ್ಟಿಕ್ ಕಡಲ ದಡದ ಪುಟ್ಟ ದೇಶ, ಆಗ ಜನ ಎಲ್ಲಾ ಸೇರಿ ಸುಮಾರು 11 ಲಕ್ಷ. 1939ರ ಆಗಸ್ಟಿನಲ್ಲಿ ಹಿಟ್ಲರ್ ಮತ್ತು ಸ್ಟಾಲಿನ್ ಗುಟ್ಟಾಗಿ ಪೂರ್ವ ಯುರೋಪನ್ನು ಹಂಚಿಕೊಂಡರು. 1940ರಲ್ಲಿ ಸೋವಿಯತ್ ಸೇನೆ ಬಂದು ಕೂತಿತು. ಮರುವರ್ಷ ಜೂನ್ 14ರಂದು, ಹೆಂಗಸರು ಮಕ್ಕಳು ಅಂತ ನೋಡದೆ, ಸುಮಾರು 10 ಸಾವಿರ ಜನರನ್ನು ಗೂಡ್ಸ್ ರೈಲಿಗೆ ತುಂಬಿ ದೂರದ ಸೈಬೀರಿಯಾ ಕಡೆಗೆಲ್ಲ ಸಾಗಿಸಿದರು. ಕೆಲವೇ ವಾರಗಳಲ್ಲಿ ಜರ್ಮನ್ ಸೇನೆ ಬಂತು. ಅಲ್ಲಿ ಉಳಿದಿದ್ದ ಯಹೂದಿಗಳನ್ನು ಹೆಚ್ಚುಕಡಿಮೆ ಪೂರ್ತಿ ಕೊಂದುಹಾಕಿತು. 1944ರಲ್ಲಿ ಸೋವಿಯತ್ ಸೇನೆ ಮತ್ತೆ ಹತ್ತಿರ ಬಂದಾಗ 70 ಸಾವಿರದಷ್ಟು ಜನ ಊರು ಬಿಟ್ಟರು, ಕೆಲವರು ಮೀನುಗಾರರ ದೋಣಿ ಹತ್ತಿ ಸ್ವೀಡನ್ನಿಗೆ, ಉಳಿದವರು ಹಡಗಿನಲ್ಲಿ ಜರ್ಮನಿಗೆ.

17 ವರ್ಷದ ಎಂಡೆಲ್ ಮತ್ತು ತಮ್ಮ, ಮನೆಯವರಿಂದ ಬೇರೆಯಾಗಿ ಜರ್ಮನಿ ಸೇರಿದರು.

ನಿರಾಶ್ರಿತರ ಶಿಬಿರ ಅಂದ ಕೂಡಲೇ ನಮ್ಮ ಕಣ್ಣಿಗೆ ಬರುವುದು ತಟ್ಟೆ ಹಿಡಿದು ನಿಂತ ಸಾಲು. ಸಾಲೂ ಇತ್ತು, ಹಸಿವೂ ಇತ್ತು. ಆದರೆ ಗೈಸ್ಲಿಂಗೆನ್‌ನಂಥ ಶಿಬಿರಗಳಲ್ಲಿ ಎಸ್ಟೋನಿಯನ್ನರು ತಮ್ಮ ಭಾಷೆಯಲ್ಲೇ ಶಾಲೆ ನಡೆಸಿದರು, ಪತ್ರಿಕೆ ತಂದರು, ಗುಂಪಾಗಿ ಹಾಡಿದರು. ನಾಳೆ ಎಲ್ಲಿರುತ್ತೇವೆ ಅಂತ ಗೊತ್ತಿಲ್ಲದವರು ಮಕ್ಕಳ ಓದು ನಿಲ್ಲಬಾರದು ಅಂತ ಪಟ್ಟು ಹಿಡಿದರಲ್ಲ, ಅದು ನನಗೆ ತುಂಬಾ ದೊಡ್ಡದಾಗಿ ಕಾಣುತ್ತದೆ. ಟುಲ್ವಿಂಗ್ ಜರ್ಮನಿಯಲ್ಲೇ ಹೈಸ್ಕೂಲ್ ಮುಗಿಸಿದರು. ಪಾಠ ಹೇಳಿದರು, ಅಮೆರಿಕನ್ ಸೇನೆಗೆ ದುಭಾಷಿಯಾದರು, ಹೈಡೆಲ್‌ಬರ್ಗ್‌ನಲ್ಲಿ ಸ್ವಲ್ಪ ದಿನ ಮೆಡಿಕಲ್ ಓದಿದರು. 1949ರಲ್ಲಿ ಕೆನಡಾಕ್ಕೆ ಹೋದರು.

ಯುದ್ಧ ಮುಗಿದಿತ್ತಲ್ಲ, ವಾಪಸ್ ಹೋಗಬಹುದಿತ್ತು ಅಲ್ವಾ ಅನ್ನುವವರಿದ್ದಾರೆ. ಅದೇ 1949ರ ಮಾರ್ಚಿನಲ್ಲಿ ಎಸ್ಟೋನಿಯಾದಿಂದ ಮತ್ತೆ 20 ಸಾವಿರಕ್ಕೂ ಹೆಚ್ಚು ಜನರನ್ನು ಸೈಬೀರಿಯಾಕ್ಕೆ ಹೊತ್ತೊಯ್ದರು. ಪ್ರಶ್ನೆ ಕೇಳುವ ಮೊದಲು ಇದನ್ನು ತಿಳಿದುಕೊಳ್ಳಬೇಕು. ಈ ಮಾತನ್ನು ಸ್ವಲ್ಪ ಖಾರವಾಗಿಯೇ ಹೇಳುತ್ತೇನೆ, ಯಾಕೆಂದರೆ ಇಂದಿನ ನಿರಾಶ್ರಿತರಿಗೂ ಇದೇ ಪ್ರಶ್ನೆ ಎಸೆಯುತ್ತಾರೆ.

ಈಗ ನೆನಪಿನ ವಿಷಯಕ್ಕೆ ಬರೋಣ. ಟೊರಾಂಟೊದಲ್ಲಿ ಓದಿ, 1957ರಲ್ಲಿ ಹಾರ್ವರ್ಡ್‌ನಿಂದ ಅವರು ಪಡೆದ ಪಿಎಚ್.ಡಿ. ನೆನಪಿನ ಬಗ್ಗೆ ಅಲ್ಲವೇ ಅಲ್ಲ. ಅದು ಕಣ್ಣು, ದೃಷ್ಟಿಯ ಬಗ್ಗೆ. ಟೊರಾಂಟೊದಲ್ಲಿ ಕೆಲಸಕ್ಕೆ ಸೇರಿದಾಗ ದೃಷ್ಟಿಯ ಸಂಶೋಧನೆಗೆ ಬೇಕಾದ ಉಪಕರಣ ಇರಲಿಲ್ಲ. ನೆನಪಿನ ಪ್ರಯೋಗಕ್ಕೆ ಕಾಗದ, ಪೆನ್ಸಿಲ್ ಇದ್ದರೆ ಸಾಕಿತ್ತು. ಹಾಗೆ ಶುರುವಾದದ್ದು. ಒಬ್ಬ ಮನುಷ್ಯ ಏನೇ ಮಾಡಿದರೂ ಅದನ್ನು ಅವನ ಗಾಯಕ್ಕೆ ಕಟ್ಟಿಹಾಕುವುದು ನ್ಯಾಯವಲ್ಲ. ಅವರು 17 ವರ್ಷ ಎಸ್ಟೋನಿಯಾದಲ್ಲಿದ್ದರು, 5 ವರ್ಷ ಜರ್ಮನಿಯಲ್ಲಿ, 2023ರಲ್ಲಿ 96ನೇ ವಯಸ್ಸಿನಲ್ಲಿ ತೀರಿಕೊಳ್ಳುವವರೆಗೆ ಹೆಚ್ಚುಕಡಿಮೆ 74 ವರ್ಷ ಕಡಲಾಚೆ. ಅಷ್ಟು ದೊಡ್ಡ ಬದುಕನ್ನು ಸುಮ್ನೆ ಆ 5 ವರ್ಷದ ನೆರಳಲ್ಲಿ ನಿಲ್ಲಿಸಬಾರದು.

1972ರಲ್ಲಿ ಅವರು ಹೇಳಿದ್ದು ಇದು: ಪ್ಯಾರಿಸ್ ಫ್ರಾನ್ಸಿನ ರಾಜಧಾನಿ ಅಂತ ಗೊತ್ತಿರುವುದು ಬೇರೆ, ಹೋದ ವರ್ಷದ ಮದುವೆಮನೆಯಲ್ಲಿ ನಾನಿದ್ದೆ ಅಂತ ನೆನೆಯುವುದು ಬೇರೆ. ಆಮೇಲೆ ಸಿಕ್ಕವರು ಕೆ.ಸಿ. ಎಂಬ ರೋಗಿ. 1981ರಲ್ಲಿ ಬೈಕ್ ಅಪಘಾತದಲ್ಲಿ ಅವರ ಮಿದುಳಿಗೆ ಪೆಟ್ಟಾಗಿತ್ತು. ಚೆಸ್ ಆಡುತ್ತಿದ್ದರು, ಮನೆಯ ವಿಳಾಸ ಹೇಳುತ್ತಿದ್ದರು. ತನ್ನ ಬದುಕಿನ ಒಂದೇ ಒಂದು ಘಟನೆಯನ್ನೂ ಮನಸ್ಸಿಗೆ ತಂದುಕೊಳ್ಳಲು ಆಗುತ್ತಿರಲಿಲ್ಲ. ನಾಳೆ ಏನು ಮಾಡುತ್ತೀರಿ ಅಂದರೆ ಅದೂ ಖಾಲಿ. ಹಿಂದಿನದನ್ನು ಮತ್ತೆ ಅನುಭವಿಸುವುದಕ್ಕೂ ಮುಂದಿನದನ್ನು ಕಲ್ಪಿಸುವುದಕ್ಕೂ ಮಿದುಳಿನಲ್ಲಿ ನಂಟಿದೆ ಅಂತ ಟುಲ್ವಿಂಗ್ ವಾದಿಸಿದರು. ಅವರ ಕೆಲಸದಲ್ಲಿ ನನಗೆ ಜಾಸ್ತಿ ಇಷ್ಟವಾದದ್ದು ಇದೇ.

ಹಾಗಂತ ಎಸ್ಟೋನಿಯಾ ಅವರ ವಿಜ್ಞಾನದೊಳಗೆ ಬರಲೇ ಇಲ್ಲ ಅಂತೇನೂ ಇಲ್ಲ. ಬಂತು, ಅಲ್ಲಿನ ಒಂದು ಮಕ್ಕಳ ಕಥೆಯಾಗಿ. ಒಬ್ಬ ಹುಡುಗಿಗೆ ಕನಸು ಬೀಳುತ್ತದೆ. ಗೆಳತಿಯ ಹುಟ್ಟುಹಬ್ಬ, ಎಲ್ಲರಿಗೂ ಚಾಕೊಲೇಟ್ ಪುಡ್ಡಿಂಗ್, ಆದರೆ ಚಮಚ ಅವರವರೇ ತರಬೇಕು, ಇವಳ ಹತ್ತಿರ ಇಲ್ಲ. ಮರುದಿನ ರಾತ್ರಿ ಅವಳು ಚಮಚ ಹಿಡಿದುಕೊಂಡೇ ಮಲಗುತ್ತಾಳೆ. ಮುಂದೆ ಬೇಕಾಗುವುದನ್ನು ಇವತ್ತೇ ಎತ್ತಿಟ್ಟುಕೊಳ್ಳುವ ಶಕ್ತಿ ಯಾರಿಗಿದೆ ಅಂತ ನೋಡಲು ಟುಲ್ವಿಂಗ್ ಈ ಕಥೆಯನ್ನೇ ಪರೀಕ್ಷೆಯಾಗಿ ಮುಂದಿಟ್ಟರು. ಅದಕ್ಕೆ 'ಚಮಚದ ಪರೀಕ್ಷೆ' ಅಂತಲೇ ಹೆಸರು. ಇದೇ ಬಗೆಯ ಪ್ರಯೋಗಗಳನ್ನು ಆಮೇಲೆ ಬೇರೆಯವರು ಪುಟ್ಟ ಮಕ್ಕಳ ಮೇಲೆ ಮಾಡಿದರು, ಬೊನೊಬೊ, ಒರಾಂಗುಟಾನ್ ಎಂಬ ವಾನರಗಳ ಮೇಲೂ ಮಾಡಿದರು.