ಒಂದೇ ಊರು, ಎರಡು ಜಿಲ್ಲೆ: ಇದಕ್ಕೆ ನಮ್ಮ ಹುಡುಗಿ ಯಾಕೆ ತಲೆ ತಗ್ಗಿಸಬೇಕು?

2007ಕ್ಕೆ ಮುಂಚೆ ಚಿಕ್ಕಬಳ್ಳಾಪುರ ಅನ್ನೋ ಜಿಲ್ಲೆಯೇ ಇರಲಿಲ್ಲ. ಚಿಂತಾಮಣಿ, ಶಿಡ್ಲಘಟ್ಟ, ಬಾಗೇಪಲ್ಲಿ, ಗುಡಿಬಂಡೆ, ಗೌರಿಬಿದನೂರು, ಚಿಕ್ಕಬಳ್ಳಾಪುರ, ಆರೂ ತಾಲ್ಲೂಕು ಕೋಲಾರ ಜಿಲ್ಲೆಗೇ ಸೇರಿದ್ದವು. ನಮ್ಮ ಹುಡುಗಿ ಚಿಂತಾಮಣಿಯಲ್ಲಿ ಹುಟ್ಟಿದ್ದು ಆಗಲೇ. ಈಗ ಅಮೆರಿಕದಲ್ಲಿರೋ ಗಂಡನ ಹತ್ತಿರ ಹೋಗೋ ವೀಸಾಗೆ ಜನನ ಪತ್ರ ಬೇಕು ಅಂತ ನಮ್ಮ ಊರಿನ ಕಚೇರಿಗೆ ಹೋಗಿದ್ದಳು. ಆ ಕಚೇರಿಯಲ್ಲಿ ಕೂತಿರೋ ಒಬ್ಬರಿಗೂ ಇದು ಗೊತ್ತಿಲ್ವಾ? ಗೊತ್ತಿದೆ. ಅವರ ಬೀರುವಿನಲ್ಲಿರೋ ಹಳೇ ರಿಜಿಸ್ಟರುಗಳ ಬೆನ್ನ ಮೇಲೇ ‘ಕೋಲಾರ ಜಿಲ್ಲೆ’ ಅಂತ ಮಸಿಯಲ್ಲಿ ಬರೆದಿದೆ. ಗೊತ್ತಿದ್ದೂ ಅವಳನ್ನ ಅಷ್ಟು ಜನರ ಮುಂದೆ ಹಾಗೆ ನಿಲ್ಲಿಸಿದರಲ್ಲ, ಅದು ನನಗೆ ಇನ್ನೂ ಅರಗ್ತಾ ಇಲ್ಲ.

ಕೇಳಿದ್ದು ಜನನ ಪ್ರಮಾಣ ಪತ್ರದ ದೃಢೀಕೃತ ಪ್ರತಿ. ಅಷ್ಟೇ. ತಿದ್ದುಪಡಿ ಕೇಳಿಲ್ಲ, ಹೆಸರು ಸೇರಿಸಿ ಅಂದಿಲ್ಲ, ಹೊಸದಾಗಿ ನೋಂದಣಿ ಮಾಡಿ ಅಂತಲೂ ಅಂದಿಲ್ಲ. ಕಚೇರಿಯಲ್ಲಿದ್ದ ಮನುಷ್ಯ ಒಂದು ಕೈಯಲ್ಲಿ ರಿಜಿಸ್ಟರು, ಇನ್ನೊಂದು ಕೈಯಲ್ಲಿ ಆಧಾರ್ ಜೆರಾಕ್ಸ್ ಹಿಡಿದು, ಕಿಟಕಿಯಾಚೆ ಪಹಣಿಗೆ ನಿಂತವರಿಗೂ ಕೇಳಿಸೋ ಹಾಗೆ, “ಏನಮ್ಮಾ, ಇಲ್ಲಿ ಕೋಲಾರ ಜಿಲ್ಲೆ ಅಂತಿದೆ, ಇದರಲ್ಲಿ ಚಿಕ್ಕಬಳ್ಳಾಪುರ ಅಂತಿದೆ. ನೀನು ಎರಡೆರಡು ಕಡೆ ಹುಟ್ಟಿದ್ಯಾ?” ಅಂದ. ಜನ ನಕ್ಕರು. ಅವಳು ಮೆಲ್ಲಗೆ, “ಸಾರ್, ಊರು ಒಂದೇ, ಆಮೇಲೆ ಜಿಲ್ಲೆ ಬೇರೆ ಆಯ್ತಲ್ಲ” ಅಂದಳು. ಅದಕ್ಕೆ ಉತ್ತರವಿಲ್ಲ. “ಅಮೆರಿಕಾಗಾ?” ಅಂತ ಮುಂದಿನ ಪ್ರಶ್ನೆ. “ಹೂಂ ಸಾರ್.” “ಮದುವೆ ನಿಜವಾಗ್ಲೂ ಆಗಿದೆಯಾ, ಇಲ್ಲ ಬರೀ ಪೇಪರಿಗೆ ಆಗಿದೆಯಾ?” ಅಮ್ಮ ಪಕ್ಕದಲ್ಲೇ ನಿಂತಿದ್ದಾರೆ. ಅವಳ ಕತ್ತಿನಲ್ಲಿ ತಾಳಿ ಇದೆ. ಕೈಯಲ್ಲಿ ಸಬ್ ರಿಜಿಸ್ಟ್ರಾರ್ ಕಚೇರಿಯ ಮದುವೆ ಪ್ರಮಾಣ ಪತ್ರ ಇದೆ. ಅದನ್ನ ತಿರುಗಿಸಿ ಕೂಡ ನೋಡಲಿಲ್ಲ. “ಅಲ್ಲಿ ಹೋಗಿ ಏನ್ ಮಾಡ್ತೀಯಾ?” “ಅಕೌಂಟ್ಸ್ ಕೆಲಸ ನೋಡ್ತೀನಿ ಸಾರ್.” “ನಿನ್ನ ಜಿಲ್ಲೆ ಲೆಕ್ಕವೇ ಸರಿ ಇಲ್ಲ, ಅವರ ಲೆಕ್ಕ ಬರೀತೀಯಾ?”

ಮತ್ತೆ ನಗು. ರೇಷ್ಮೆ ರೀಲರುಗಳ ಜಿಎಸ್‌ಟಿ ರಿಟರ್ನ್ ತಿಂಗಳು ತಿಂಗಳು ತಪ್ಪಿಲ್ಲದೆ ಹಾಕಿದ ಹುಡುಗಿ ಅವಳು. ಅವಳು ಅಳಲಿಲ್ಲ. ಕಾಗದಗಳನ್ನ ಒಂದೊಂದಾಗಿ ಕವರಿಗೆ ಹಾಕ್ಕೊಂಡಳು, ಮದುವೆ ಫೋಟೋ ಮಾತ್ರ ಕೆಳಗೆ ಬಿತ್ತು, ಅದನ್ನ ಎತ್ತಿಕೊಡೋಕೆ ಒಬ್ಬರೂ ಬಗ್ಗಲಿಲ್ಲ. “ನಾನು ಅವನೇ, ಈ ಊರು ಆ ಊರೇ ಅಂತ ಅಫಿಡವಿಟ್ ಮಾಡಿಸ್ಕೊಂಡು ಬಾ” ಅಂತ ಹಿಂದಿನಿಂದ ಕೂಗಿದ. ಅವಳಿಗೆ ‘ಅವನು’!

ಈಗ ಕಾನೂನಿಗೆ ಬರೋಣ. 1969ರ ಜನನ ಮರಣ ನೋಂದಣಿ ಕಾಯ್ದೆಯ 17ನೇ ಕಲಂ ಪ್ರಕಾರ ಶುಲ್ಕ ಕಟ್ಟಿ ಕೇಳಿದವರಿಗೆ ರಿಜಿಸ್ಟರಿನಲ್ಲಿ ಇರೋದನ್ನ ಇರೋ ಹಾಗೆ ಕೊಡಬೇಕು. ತಿದ್ದುಪಡಿ ಬರೋದು 15ನೇ ಕಲಂನಲ್ಲಿ, ಅದೂ ನಮೂದು ತಪ್ಪಾಗಿದ್ದರೆ ಮಾತ್ರ, ಅದೂ ಮೂಲ ಬರಹ ಅಳಿಸದೆ ಅಂಚಿನಲ್ಲಿ ಬರೆದು. ಇಲ್ಲಿ ತಪ್ಪೆಲ್ಲಿದೆ? ಅವಳು ಹುಟ್ಟಿದ ದಿನ ಚಿಂತಾಮಣಿ ಇದ್ದದ್ದು ಕೋಲಾರ ಜಿಲ್ಲೆಯಲ್ಲೇ. ಬರೆದವರು ಸರಿಯಾಗೇ ಬರೆದಿದ್ದಾರೆ. ಸರಿಯಾಗಿರೋ ನಮೂದಿಗೆ ಅಫಿಡವಿಟ್ ಯಾಕೆ? ಗೆರೆ ಎಳೆದದ್ದು ಸರ್ಕಾರ, ಅದಕ್ಕೆ ಪ್ರಮಾಣ ಮಾಡಬೇಕಾದವಳು ಇವಳಾ?

ಇದಕ್ಕಿಂತ ಹೊಟ್ಟೆ ಉರಿಯೋ ವಿಷಯ ಏನು ಗೊತ್ತಾ? ಅಮೆರಿಕದವರು ಜಿಲ್ಲೆ ಕೇಳೋದೇ ಇಲ್ಲ. ಹೆಂಡತಿಯನ್ನ ಕರೆಸಿಕೊಳ್ಳೋಕೆ ಗಂಡ ಹಾಕೋ ಐ-130 ಅರ್ಜಿಯಲ್ಲಿ ಇರೋದು ಹುಟ್ಟಿದ ಊರು, ದೇಶ. ಹೆಂಡತಿ ತುಂಬೋ ವಲಸೆ ವೀಸಾ ಅರ್ಜಿ ಡಿಎಸ್-260ರಲ್ಲಿ ಊರು, ರಾಜ್ಯ, ದೇಶ. ಜಿಲ್ಲೆಗೆ ಅಲ್ಲಿ ಜಾಗವೇ ಇಲ್ಲ. ಅವರಿಗೆ ಬೇಕಾಗಿರೋದು ತಾರೀಕು, ಊರು, ಅವಳ ಹೆಸರು, ಅಪ್ಪ ಅಮ್ಮ ಇಬ್ಬರ ಹೆಸರು. ಇಷ್ಟು ಆ ರಿಜಿಸ್ಟರಿನಲ್ಲಿ ಸ್ಪಷ್ಟವಾಗಿದೆ. ಅಮೆರಿಕ ಕೇಳದ ಪ್ರಶ್ನೆಯನ್ನ ನಮ್ಮ ಊರಿನ ಕಚೇರಿ ಕೇಳಿ ವಾಪಸ್ ಕಳಿಸ್ತಾ ಇದೆ.

ಹೋಗ್ಲಿ, ಅಫಿಡವಿಟ್ ಕೊಟ್ಟು ಬಿಸಾಕೋಣ ಅಂತ ಮನೆಯಲ್ಲಿ ಎಲ್ಲರೂ ಅಂತಿದ್ದಾರೆ. ನಾನೂ ಬಸ್ಸಲ್ಲಿ ಹಾಗೇ ಅಂದುಕೊಂಡೆ. ಆದರೆ ಕೊಟ್ಟರೆ ಅದು ಅಲ್ಲಿಗೇ ನಿಲ್ಲಲ್ಲ. ಒಂದು ಅಫಿಡವಿಟ್ ಕಡತದೊಳಗೆ ಹೋಯಿತು ಅಂದರೆ, ಇದನ್ನ ಯಾಕೆ ಮಾಡಿಸಿದ್ರಿ, ಏನು ವ್ಯತ್ಯಾಸ ಇತ್ತು ಅಂತ ಮುಂಬೈ ಕಾನ್ಸುಲೇಟಿನ ಸಂದರ್ಶನದಲ್ಲಿ ಇಲ್ಲದ ಅನುಮಾನ ನಾವೇ ಹುಟ್ಟಿಸಿದ ಹಾಗೆ. ಬೇಡದ ಕಾಗದ ಸೇರಿಸೋದು ಬೇಕಾದ ಕಾಗದ ಬಿಡೋವಷ್ಟೇ ಕೆಟ್ಟದ್ದು.

ಬೇಡದ ಕಾಗದ ಅಂದ ಮೇಲೆ ಅಪೊಸ್ಟೀಲ್, ಅಂದರೆ ವಿದೇಶದಲ್ಲಿ ತೋರಿಸೋ ಕಾಗದಕ್ಕೆ ವಿದೇಶಾಂಗ ಇಲಾಖೆ ಹಾಕಿಕೊಡೋ ದೃಢೀಕರಣ ಮುದ್ರೆ, ಅದರ ವಿಷಯವನ್ನೂ ಹೇಳಿಬಿಡ್ತೀನಿ. ಅಮೆರಿಕದ ಪತಿ-ಪತ್ನಿ ವೀಸಾಗೆ ಅಪೊಸ್ಟೀಲ್ ಬೇಡ. ಬೆಂಗಳೂರಿನ ಏಜೆಂಟರು ಮದುವೆ ಪತ್ರಕ್ಕೂ ಜನನ ಪತ್ರಕ್ಕೂ ಅದನ್ನ ಮಾಡಿಸಲೇಬೇಕು ಅಂತ ಸಾವಿರಗಟ್ಟಲೆ ಕೇಳ್ತಾರೆ. ವಿದೇಶಾಂಗ ಇಲಾಖೆಯ ಶುಲ್ಕ ಒಂದು ಕಾಗದಕ್ಕೆ 50 ರೂಪಾಯಿ, ಉಳಿದದ್ದು ಮಧ್ಯದವರ ಪಾಲು. ಕನ್ನಡದ ಕಾಗದಕ್ಕೆ ಬೇಕಿರೋದು ಇಂಗ್ಲಿಷ್ ಅನುವಾದ, ಕೆಳಗೆ ಅನುವಾದ ಮಾಡಿದವರು “ಎರಡೂ ಭಾಷೆ ನನಗೆ ಚೆನ್ನಾಗಿ ಬರುತ್ತೆ, ಇದು ಸರಿಯಾಗಿದೆ” ಅಂತ ಬರೆದು ಸಹಿ ಹಾಕಿರಬೇಕು, ಅಷ್ಟೇ. ಸ್ಕ್ಯಾನ್ ಬಣ್ಣದಲ್ಲಿ ಇರಬೇಕು. ಹಿಂಬದಿಯಲ್ಲಿ ಸೀಲು ಇದ್ದರೆ ಹಿಂಬದಿಯೂ ಬೇಕು. ಮೂಲ ಮತ್ತು ಅನುವಾದ ಒಂದೇ ಫೈಲಿನಲ್ಲಿ ಸೇರಿರಬೇಕು. ವಾಪಸ್ ಬರೋ ಕಡತಗಳಲ್ಲಿ ಎಷ್ಟೋ ಈ ಹಿಂಬದಿ ಬಿಟ್ಟಿದ್ದಕ್ಕೇ ಬರ್ತವೆ.

ಇದರ ಮಧ್ಯೆ ಅತ್ತೆ ಮನೆ ಕಡೆಯವರು, “ಮದುವೆ ಆಯ್ತಲ್ಲ, ಪಾಸ್‌ಪೋರ್ಟಲ್ಲಿ ಗಂಡನ ಹೆಸರು ಸೇರಿಸಿಬಿಡಿ” ಅಂತಿದ್ದಾರೆ. ದಯವಿಟ್ಟು ಯಾರೂ ಈಗ ಹೆಸರು ಬದಲಾಯಿಸಬೇಡಿ. ಅರ್ಜಿ ನಡೀತಿರುವಾಗ ಹೆಸರು ಬದಲಾದರೆ ಎಸ್ಸೆಸ್ಸೆಲ್ಸಿ ಅಂಕಪಟ್ಟಿ ಒಂದು ಹೆಸರು, ಪಾಸ್‌ಪೋರ್ಟ್ ಒಂದು ಹೆಸರು, ಐ-130 ಇನ್ನೊಂದು. ಕಾನೂನಿನಲ್ಲಿ ಎಲ್ಲೂ ಗಂಡನ ಹೆಸರು ಕಡ್ಡಾಯ ಇಲ್ಲ. ಬದಲಾಯಿಸಲೇಬೇಕು ಅಂತಿದ್ದರೆ ಒಂದೇ ಕಾರಣಕ್ಕೆ: ನಮ್ಮ ಕಡೆ ಹುಡುಗಿಯರ ಪಾಸ್‌ಪೋರ್ಟಲ್ಲಿ ಸರ್‌ನೇಮ್ ಜಾಗ ಖಾಲಿ ಬಿಟ್ಟಿರ್ತಾರೆ, ಇನಿಷಿಯಲ್ ಬಿಡಿಸಿ ಬರೆದಿರಲ್ಲ. ಆಗ ಅಮೆರಿಕದ ವೀಸಾದಲ್ಲಿ ಅವಳ ಹೆಸರು ಸರ್‌ನೇಮ್ ಜಾಗಕ್ಕೆ ಹೋಗಿ, ಮೊದಲ ಹೆಸರಿನ ಜಾಗದಲ್ಲಿ ಎಫ್‌ಎನ್‌ಯು ಅಂತ ಬೀಳುತ್ತೆ, ಅಂದರೆ ಮೊದಲ ಹೆಸರು ತಿಳಿದಿಲ್ಲ. ಆಮೇಲೆ ಬ್ಯಾಂಕು, ಲೈಸೆನ್ಸು, ಸಂಬಳದ ಪಟ್ಟಿ ಎಲ್ಲದರಲ್ಲೂ ಅದೇ ಅಂಟಿಕೊಳ್ಳುತ್ತೆ. ಹಾಗಾಗಿ ಐ-130 ಹಾಕೋಕೆ ಮುಂಚೆಯೇ ಅಪ್ಪನ ಹೆಸರನ್ನೋ ಊರಿನ ಹೆಸರನ್ನೋ ಸರ್‌ನೇಮ್ ಮಾಡಿ ಪಾಸ್‌ಪೋರ್ಟ್ ಮರುವಿತರಣೆ ಮಾಡಿಸಿಕೊಂಡರೆ ಒಳ್ಳೇದು. ತುಮಕೂರಿನವರೇ, ಊರಿನ ಹೆಸರು ಹಾಕೋರಾದರೆ 2014ರ ನವೆಂಬರ್ 1ಕ್ಕೆ ಇಂಗ್ಲಿಷ್ ಕಾಗುಣಿತವೇ ಬದಲಾಗಿದೆ ಅನ್ನೋದು ನೆನಪಿರಲಿ. ಹಳೇ ಅಂಕಪಟ್ಟಿಯಲ್ಲಿ ಯಾವುದಿದೆಯೋ ಅದನ್ನೇ ಹಿಡೀರಿ.

ಅವಳಿಗೆ ಜಿಲ್ಲೆ ಮಾತ್ರ ಒಡೆದಿದ್ದಲ್ಲ. ಓದಿದ ವಿಶ್ವವಿದ್ಯಾಲಯವೂ ಒಡೆಯಿತು. ಅವಳು ಬಿ.ಕಾಂ. ಮುಗಿಸಿದಾಗ ನಮ್ಮ ಕಾಲೇಜುಗಳು ಬೆಂಗಳೂರು ವಿಶ್ವವಿದ್ಯಾಲಯದವು, ಈಗ ಕೋಲಾರದ ಬೆಂಗಳೂರು ಉತ್ತರ ವಿಶ್ವವಿದ್ಯಾಲಯಕ್ಕೆ ಸೇರಿವೆ. ಅಮೆರಿಕದಲ್ಲಿ ಕೆಲಸಕ್ಕೆ ಎಷ್ಟೋ ಕಡೆ ಡಿಗ್ರಿ ಮೌಲ್ಯಮಾಪನ ಕೇಳ್ತಾರೆ, ಅದಕ್ಕೆ ಎಲ್ಲಾ ವರ್ಷದ ಅಂಕಗಳ ಅಧಿಕೃತ ಪಟ್ಟಿ, ಅಂದರೆ ಟ್ರಾನ್ಸ್‌ಕ್ರಿಪ್ಟನ್ನ ಡಿಗ್ರಿ ಕೊಟ್ಟ ವಿಶ್ವವಿದ್ಯಾಲಯವೇ ಮೊಹರು ಹಾಕಿ ಕಳಿಸಬೇಕು. ಪದವಿ ಪತ್ರದ ಮೇಲೆ ಯಾರ ಹೆಸರಿದೆಯೋ ಅಲ್ಲಿಗೇ, ಅಂದರೆ ಬೆಂಗಳೂರು ವಿಶ್ವವಿದ್ಯಾಲಯದ ಜ್ಞಾನಭಾರತಿ ಆವರಣಕ್ಕೇ ಹೋಗಬೇಕು. ಇದನ್ನ ಹೊರಡೋ ಮುಂಚೆ ಮಾಡಿಸಿಕೊಳ್ಳಿ, ಅಲ್ಲಿಂದ ಫೋನ್ ಮಾಡಿ ಮಾಡಿಸೋದು ಆಗದ ಮಾತು. ನಮ್ಮ ಮೂರು ವರ್ಷದ ಬಿ.ಕಾಂ.ಗೆ ಅವರ ನಾಲ್ಕು ವರ್ಷದ ಡಿಗ್ರಿಯ ಬೆಲೆ ಎಲ್ಲಾ ಕಡೆ ಸಿಗಲ್ಲ, ಅದಕ್ಕೂ ಮನಸ್ಸು ಗಟ್ಟಿ ಇರಲಿ. ಇಳಿದ ತಕ್ಷಣ ಕೆಲಸ ಮಾಡೋಕೆ ತಡೆ ಇಲ್ಲ. ಎಂಟ್ರಿ ಸೀಲು ಬಿದ್ದ ವಲಸೆ ವೀಸಾನೇ ಒಂದು ವರ್ಷ ಗ್ರೀನ್ ಕಾರ್ಡಿನ ಬದಲು ನಡೆಯುತ್ತೆ, ಅಲ್ಲಿ ಕೆಲಸ ಮಾಡೋ ಹಕ್ಕಿದೆಯಾ ಅಂತ ಕೆಲಸ ಕೊಡೋರು ತುಂಬಿಸಿಕೊಳ್ಳೋ ಐ-9 ಫಾರಂಗೆ ಅದೊಂದೇ ಸಾಕು. ಕಾರ್ಡ್ ಬರಲಿ ಆಮೇಲೆ ನೋಡೋಣ ಅಂತ ಅವರು ಅಂದರೆ ಒಪ್ಪಬೇಡಿ. ಡಿಎಸ್-260ರಲ್ಲಿ ಸೋಷಿಯಲ್ ಸೆಕ್ಯುರಿಟಿ ನಂಬರ್ ಬೇಕಾ ಅನ್ನೋ ಪ್ರಶ್ನೆಗೆ ಹೌದು ಅಂತ ಹಾಕಿ. ಮದುವೆಯಾಗಿ ಎರಡು ವರ್ಷ ತುಂಬೋ ಮುಂಚೆ ಅಲ್ಲಿಗೆ ಕಾಲಿಟ್ಟರೆ ಸಿಗೋದು ಎರಡು ವರ್ಷದ ಕಾರ್ಡು. ಅದು ಮುಗಿಯೋ ಮುಂಚಿನ 90 ದಿನದೊಳಗೆ ಇಬ್ಬರೂ ಸೇರಿ ಐ-751, ಅಂದರೆ ಕಾರ್ಡಿನ ಷರತ್ತು ತೆಗೆಸೋ ಅರ್ಜಿ, ಹಾಕಬೇಕು. ಅದಕ್ಕೆ ಮೊದಲ ತಿಂಗಳಿಂದಲೇ ಬ್ಯಾಂಕ್ ಖಾತೆ, ಬಾಡಿಗೆ ಕರಾರು, ವಿಮೆ ಎಲ್ಲದರಲ್ಲೂ ಇಬ್ಬರ ಹೆಸರೂ ಇರಲಿ.

ಇಷ್ಟೆಲ್ಲ ಕಾಗದ ಒಂದಕ್ಕೊಂದು ಹೊಂದಬೇಕು, ಒಂದೊಂದಕ್ಕೂ ಆಯಸ್ಸು ಬೇರೆ. ಪಾಸ್‌ಪೋರ್ಟ್ ಸೇವಾ ಕೇಂದ್ರದಲ್ಲಿ 500 ರೂಪಾಯಿ ಕಟ್ಟಿ ತಗೊಳ್ಳೋ ಪೊಲೀಸ್ ಕ್ಲಿಯರೆನ್ಸ್ ಎರಡು ವರ್ಷ ನಡೆಯುತ್ತೆ, ಮೆಡಿಕಲ್ ಸಾಮಾನ್ಯವಾಗಿ ಆರು ತಿಂಗಳು, ವೀಸಾ ಅದನ್ನ ಮೀರಿ ಇರಲ್ಲ. ಗಂಡ ಅಲ್ಲಿ ವೀಸಾ ಅರ್ಜಿಗೆ 325 ಡಾಲರು, ಹೆಂಡತಿ ಖರ್ಚಿಗೆ ತಾನೇ ಹೊಣೆ ಅನ್ನೋ ಪತ್ರಕ್ಕೆ 120 ಡಾಲರು, ಎರಡೂ ಫೀಸು ಕಟ್ಟಿ ಕೂತಿದ್ದಾನೆ, ಟ್ಯಾಕ್ಸ್ ಕಾಗದ ಎಲ್ಲ ಹಾಕಿದ್ದಾನೆ. ನಿಂತಿರೋದು ಈ ಒಂದು ಹಾಳೆಗೆ.

ಕಚೇರಿಯವರಿಗೂ ಕೆಲಸ ಜಾಸ್ತಿ, ಸಿಬ್ಬಂದಿ ಕಡಿಮೆ, ಒಪ್ತೀನಿ. ಅವರ ಮೇಲೆ ದೂರು ಕೊಟ್ಟು ಏನೂ ಆಗಲ್ಲ ಅಂತಲೂ ಗೊತ್ತು, ನಾಳೆ ಮತ್ತೆ ಅದೇ ಕಿಟಕಿಗೇ ಹೋಗಬೇಕು. ಆದರೆ ಇಲ್ಲ, ಇದನ್ನ ಹೀಗೇ ಬಿಡೋಕಾಗಲ್ಲ. ಜಿಲ್ಲೆ ಆದ ಮೇಲೆ ಹುಟ್ಟಿದ ಮಕ್ಕಳು ಹೈಸ್ಕೂಲು ದಾಟಿದ್ದಾರೆ. ಇಷ್ಟು ವರ್ಷದಲ್ಲಿ, “2007ಕ್ಕೆ ಮುಂಚಿನ ದಾಖಲೆಯಲ್ಲಿ ಕೋಲಾರ ಜಿಲ್ಲೆ ಅಂತಿದ್ದರೆ ಅದು ಸರಿಯೇ, ಅಫಿಡವಿಟ್ ಕೇಳಕೂಡದು” ಅಂತ ಒಂದು ಸುತ್ತೋಲೆ ಗೋಡೆಗೆ ಅಂಟಿಸೋಕೆ ಯಾಕೆ ಆಗಿಲ್ಲ? ಇದಕ್ಕೆ ಯಾರು ಉತ್ತರ ಕೊಡ್ತಾರೆ? ತಹಶೀಲ್ದಾರರಾ, ಜಿಲ್ಲಾಧಿಕಾರಿಗಳಾ, ಮುಖ್ಯ ನೋಂದಣಾಧಿಕಾರಿಗಳಾ? ಯಾರಾದರೂ ಸರಿ, ಒಬ್ಬರು ಹೇಳಿ.

ಅಲ್ಲೀವರೆಗೂ ಒಂದು ಕೇಳಿಕೊಳ್ಳೋದಿದೆ. ಹೊಸ ಜಿಲ್ಲೆ ಮಾಡಿದ 2007ರ ಸರ್ಕಾರಿ ಅಧಿಸೂಚನೆ, ಆರೂ ತಾಲ್ಲೂಕಿನ ಹೆಸರಿರೋ ಪುಟ, ಯಾರ ಹತ್ತಿರವಾದರೂ ಇದ್ದರೆ ಪಿಡಿಎಫ್ ಕಳಿಸಿ. ಮಸುಕಾದ ಜೆರಾಕ್ಸ್ ಆದರೂ ಪರವಾಗಿಲ್ಲ, ಗೆಜೆಟ್ ತಾರೀಕು ಓದೋಕೆ ಬಂದರೆ ಸಾಕು. ಅಫಿಡವಿಟ್ ಬದಲು ಅದನ್ನೇ ಅರ್ಜಿಗೆ ಪಿನ್ ಮಾಡಿ, 17ನೇ ಕಲಂ ಬರೆದು, ಸ್ವೀಕೃತಿ ಸೀಲು ಹಾಕಿಸಿಕೊಂಡೇ ಬರ್ತೀವಿ.