ಬಕೆಟ್ಟಿನೊಳಗಿನ ಮಿನ್ನೆಸೋಟಾ

ಮಗಳು ಅಮೆರಿಕಾದ ಕೊರೆಯುವ ಚಳಿಯ ಮಿನ್ನೆಸೋಟಾದಲ್ಲಿದ್ದಾಳೆ. ಜನವರಿಯಲ್ಲಿ ಬನ್ನಿ ಅಂದಳು. ಜೂನ್ ತಿಂಗಳಲ್ಲಾದರೆ ಯಾರು ಬೇಕಾದರೂ ಕರೆಯುತ್ತಾರೆ. ಜನವರಿಯಲ್ಲಿ ಅಲ್ಲಿಗೆ ಕರೆಯಬೇಕು ಅಂದರೆ ಒಂದೋ ಪ್ರೀತಿ ಜಾಸ್ತಿ ಇರಬೇಕು, ಇಲ್ಲ ಹಳೇ ಸಿಟ್ಟು ಬಾಕಿ ಇರಬೇಕು.

ಅಳಿಯ ಫೋನು ತಗೊಂಡ. "ಮಾವ, ನಿಮ್ಮನ್ನ ಐಸ್ ಫಿಶಿಂಗಿಗೆ ಕರ್ಕೊಂಡು ಹೋಗ್ತೀನಿ."

ಸ್ಪೀಕರ್ ಆನ್ ಇತ್ತು. ಅಡುಗೆಮನೆಯಿಂದ ನನ್ನ ಹೆಂಡತಿಯ ಉತ್ತರ ಬಂತು. "ಐಸ್ ಮೀನು ತಿನ್ನೋಕೆ ಅಮೆರಿಕಾಕ್ಕೆ ಹೋಗ್ಬೇಕಾ? ಗೇಟಿಗೇ ಬರುತ್ತಲ್ಲ."

ಅವಳ ತಪ್ಪಿಲ್ಲ. ಕೊಡಗಿನ ನಮ್ಮ ಅಮ್ಮತ್ತಿ ಕಡೆಗೆ ಮೀನು ಗಾಡಿ ಬರೋದು ಕಣ್ಣೂರಿಂದ, ಮಾಕುಟ್ಟದ ಘಾಟಿ ಹತ್ತಿ. ಆ ತಿರುವುಗಳಲ್ಲಿ ಮನುಷ್ಯರಿಗೇ ಹೊಟ್ಟೆ ತೊಳೆಸುತ್ತದೆ, ಇನ್ನು ಮೀನಿನ ಗತಿ ಏನು. ಅದಕ್ಕೇ ಡಬ್ಬಿ ತುಂಬ ಐಸು. ಗಾಡಿ ನಿಂತ ಕೂಡಲೇ ಇವಳು ಕೇಳುವ ಮೊದಲ ಪ್ರಶ್ನೆ, "ಇವತ್ತಿಂದಾ, ಐಸ್ ಮೀನಾ?" ಇವತ್ತಿಂದೇ ಅಕ್ಕ ಅಂತ ಅವನು. ಮೀನಿನ ಕಿವಿರು ಎತ್ತಿ ನೋಡಿ ಅವನ ಮುಖ ನೋಡುತ್ತಾಳೆ ಇವಳು. ಹತ್ತು ವರ್ಷದಿಂದ ನಡೆದಿದೆ ಇದು.

ಅಳಿಯ ಹೇಳಿದ್ದು ಬೇರೆ. ಚಳಿಗಾಲದಲ್ಲಿ ಅಲ್ಲಿ ಕೆರೆಗಳ ಮೇಲ್ಭಾಗ ಗಟ್ಟಿಯಾಗುತ್ತದಂತೆ. ಜನ ಅದರ ಮೇಲೆ ನಡೆದುಹೋಗಿ, ತೂತು ಕೊರೆದು, ತೂತಿನ ಪಕ್ಕ ಕೂತು ಗಾಳ ಬಿಡುತ್ತಾರಂತೆ. ಹೊಸ, ತಿಳಿ ಐಸು 4 ಇಂಚು ದಪ್ಪ ಇದ್ದರೆ ಮನುಷ್ಯ ನಡೆಯಬಹುದು. 9-10 ಇಂಚಾದರೆ ಸಣ್ಣ ಕಾರನ್ನೇ ಕೆರೆ ಮೇಲೆ ಓಡಿಸುತ್ತಾರೆ. ಬಿಳಿಚಿಕೊಂಡ ಐಸಾದರೆ ಇದರ ಎರಡು ಪಟ್ಟು ಬೇಕು. ಅಷ್ಟಾದರೂ ಪೂರ್ತಿ ನಂಬೋ ಹಾಗಿಲ್ಲ ಅಂತ ಅಲ್ಲಿನ ಇಲಾಖೆಯವರೇ ಹೇಳುತ್ತಾರಂತೆ. ಕೊರಳಿಗೆ ತುದಿಯಲ್ಲಿ ಮೊಳೆ ಇರುವ ಎರಡು ಹಿಡಿ ನೇತುಹಾಕಿಕೊಳ್ಳಬೇಕು. ಐಸು ಒಡೆದು ಒಳಗೆ ಬಿದ್ದರೆ ಅದನ್ನು ಚುಚ್ಚಿ ಚುಚ್ಚಿ ತೆವಳಿಕೊಂಡು ಮೇಲೆ ಬರಬೇಕು.

"ಬಿದ್ದರೆ ಅಂತ ಮೊದಲೇ ಕತ್ತಿಗೆ ಕಟ್ಕೊಂಡು ಹೋಗೋ ಆಟ ಯಾಕೆ ಬೇಕು?" ಅಂದಳು ಇವಳು.

ನನಗೆ ಮಾತ್ರ ಹುರುಪು ಬಂತು. ಕಕ್ಕಡ ತಿಂಗಳ ಮಳೆಯಲ್ಲಿ ಗದ್ದೆ ಬದುವಿನಲ್ಲಿ ಕೂಳಿ ಇಟ್ಟು ಮೀನು ಹಿಡಿದವನು ನಾನು. ಬ್ಯಾಂಕಿನಿಂದ ನಿವೃತ್ತನಾಗಿ ನಾಲ್ಕು ವರ್ಷ ಆಯಿತು. ಇರೋ ಮೂರು ಎಕರೆ ಕಾಫಿಯನ್ನು ತಮ್ಮ ನೋಡಿಕೊಳ್ಳುತ್ತಾನೆ. ಅಳಿಯನ ಮುಂದೆ ಹೋಗಿ ಬೆಪ್ಪನ ಹಾಗೆ ನಿಲ್ಲೋದು ಬೇಡ, ಇಲ್ಲೇ ಸ್ವಲ್ಪ ಕಲಿತು ಹೋಗೋಣ ಅಂದುಕೊಂಡೆ.

ಸಾಮಾನಿನ ಪಟ್ಟಿ ತರಿಸಿಕೊಂಡೆ. ನೋಡಿದರೆ ಎಲ್ಲಾ ನಮ್ಮನೆಯಲ್ಲೇ ಇದೆ! ಕೂರೋಕೆ ಐದು ಗ್ಯಾಲನ್ನಿನ ಬಕೆಟ್ಟು, ಅಂದರೆ ನಮ್ಮ 20 ಲೀಟರಿನ ಪೇಂಟ್ ಬಕೆಟ್ಟು. ಹೋಗುತ್ತಾ ಐಸನ್ನು ಕುಟ್ಟಿ ಕುಟ್ಟಿ ಪರೀಕ್ಷೆ ಮಾಡೋಕೆ ಉದ್ದನೆ ಕಬ್ಬಿಣದ ಸಲಾಕೆ, ಅಂದರೆ ಹಾರೆ. ತೂತಿನಲ್ಲಿ ತೇಲುವ ಪುಡಿ ಐಸು ತೆಗೆಯೋಕೆ ತೂತು ತೂತಿನ ಸೌಟು. ಅದರಲ್ಲಿ ಇವಳು ಪೂರಿ ತೆಗೆಯುತ್ತಾಳೆ. ತೂತು ಕೊರೆಯೋಕೆ ಅಗರ್ ಅಂತ ಒಂದು ತಿರುಪು ಯಂತ್ರ. ಕಾಫಿ ಗಿಡ ನೆಡೋಕೆ ಗುಂಡಿ ತೆಗೆಯುವ ಪೆಟ್ರೋಲ್ ಮೆಷಿನ್ ತಮ್ಮನ ಶೆಡ್ಡಿನಲ್ಲಿತ್ತು. ನೋಡೋಕೆ ಥೇಟ್ ಅದೇ. ಇಷ್ಟೆಲ್ಲಾ ಇದ್ದೂ ನಾವು ಇಷ್ಟು ವರ್ಷ ಸುಮ್ಮನಿದ್ದದ್ದು ಬರೀ ಐಸಿಲ್ಲ ಅನ್ನೋ ಒಂದು ಕಾರಣಕ್ಕೆ.

ಗಾಳದ ಕೋಲು ಮಾತ್ರ ವಿಚಿತ್ರ. ಎರಡರಿಂದ ಮೂರು ಅಡಿ, ಅಷ್ಟೇ. ತೂತು ಕಾಲಬುಡದಲ್ಲೇ ಇರೋದರಿಂದ ಉದ್ದದ್ದು ಬೇಡ. ಬಿದಿರು ಕಡಿದು ಎರಡೂವರೆ ಅಡಿಯದು ಮಾಡಿಕೊಂಡೆ.

ಮೊದಲ ಪಾಠ ತೋಟದ ಕೆರೆಯಲ್ಲಿ. ಅದರಲ್ಲಿ ಕಾಟ್ಲಾ, ರೋಹು, ಯಾರೂ ಬಿಡದೆ ತಾನೇ ಬಂದು ಸೇರಿದ ಜಿಲೇಬಿ ಮೀನು ಇವೆ. ಬಟ್ಟೆಯೂ ನಿಯಮದ ಪ್ರಕಾರವೇ ಇರಲಿ ಅಂತ ಪದರ ಪದರವಾಗಿ ಹಾಕಿಕೊಂಡೆ. ಮೈಗೆ ತಾಗುವ ಪದರ ಹತ್ತಿಯದ್ದು ಇರಬಾರದಂತೆ. ಬೆವರಿಗೆ ಒದ್ದೆಯಾದರೆ ಒಣಗದೆ ಚಳಿ ಹಿಡಿಸುತ್ತದೆ. ಅದಕ್ಕೆ ಇವಳ ಹಳೇ ಉಲ್ಲನ್ ಸ್ವೆಟರು, ಮೇಲೆ ನನ್ನ ಸ್ವೆಟರು, ಅದರ ಮೇಲೆ ಮಳೆಗಾಲದ ರೇನ್‌ಕೋಟು, ಗಂಬೂಟು, ಮಂಕಿ ಕ್ಯಾಪು. ಹೊತ್ತು ಹನ್ನೊಂದೂವರೆ. ಡಿಸೆಂಬರ್ ಬಿಸಿಲು ಚುರುಚುರು ಅನ್ನುತ್ತಿತ್ತು. ಕಾಫಿ ಕೊಯ್ಯುತ್ತಿದ್ದ ಹೆಂಗಸರು ಒಂದು ಗಿಡವನ್ನೂ ಕೊಯ್ಯದೆ ನಿಂತು ನೋಡಿದರು. "ಸಾರಿಗೆ ಜ್ವರ ಇರ್ಬೇಕು" ಅಂತ ಒಬ್ಬಳು ಸಣ್ಣಗೆ ಅಂದದ್ದು ಕ್ಯಾಪಿನೊಳಗೂ ಕೇಳಿಸಿತು.

ಎರಡೂವರೆ ಅಡಿ ಕೋಲಿಗೆ ದಡದಿಂದ ನೀರು ಎಟುಕಲಿಲ್ಲ. ಬಕೆಟ್ಟನ್ನು ಸ್ವಲ್ಪ ಮುಂದೆ ಸರಿಸಿದೆ. ಇನ್ನೂ ಸ್ವಲ್ಪ. ಐಸಿನ ಕೆಳಗಿನ ಮೀನು ಚಳಿಗೆ ಮಂದವಾಗಿರುತ್ತದೆ, ಗಾಳವನ್ನು ಮೆಲ್ಲಗೆ ಮುಟ್ಟಿ ನೋಡುತ್ತದೆ, ಕೋಲಿನ ತುದಿಯ ಮೇಲೇ ಕಣ್ಣಿರಬೇಕು ಅಂದಿದ್ದ ಅಳಿಯ. ಕಣ್ಣು ತುದಿಯ ಮೇಲೇ ಇತ್ತು. ಬಕೆಟ್ಟಿನ ಮೇಲೆ ಇರಲಿಲ್ಲ. ಅದು ಕೆಸರಿನಲ್ಲಿ ಒಂದೇ ಕಡೆಗೆ ಇಳಿಯುತ್ತಿತ್ತು. ನಮ್ಮ ಜಿಲೇಬಿ ಮೀನಿಗೆ ಯಾವ ಮಂದವೂ ಇಲ್ಲ. ಒಂದೇ ಸಲ ಎಳೆಯಿತು. ಕೋಲು ಹೋಯಿತು, ಅದರ ಹಿಂದೆ ನಾನೂ ಹೋದೆ. ಸೊಂಟದ ಮಟ್ಟದ ನೀರು ಅಷ್ಟೇ. ಆದರೆ ಗಂಬೂಟಿನೊಳಗೆ ನೀರು ತುಂಬಿದ ಮೇಲೆ ಕಾಲು ಎತ್ತೋದು ಕಷ್ಟ ಅನ್ನೋದು ಅವತ್ತು ಗೊತ್ತಾಯಿತು. ಕತ್ತಿನಲ್ಲಿ ಮೊಳೆ ಹಿಡಿ ಇತ್ತು, ಚುಚ್ಚೋಕೆ ಐಸಿರಲಿಲ್ಲ. ಹೆಂಗಸರು ಕಾಫಿ ಚೀಲದ ಹಗ್ಗ ಎಸೆದು ಎಳೆದರು.

ಮೈ ಒಣಗಿಸಿಕೊಳ್ಳುತ್ತಾ ಇವಳಿಗೆ ವಿಜ್ಞಾನ ಹೇಳಿದೆ. ನೀರು ಅತಿ ಭಾರವಾಗಿರೋದು 4 ಡಿಗ್ರಿಯಲ್ಲಿ. ಆ ನೀರು ತಳಕ್ಕೆ ಇಳಿಯುತ್ತದೆ, ಅದಕ್ಕಿಂತ ತಣ್ಣಗಾದದ್ದು ಹಗುರಾಗಿ ಮೇಲೇ ಉಳಿದು ಗಟ್ಟಿಯಾಗುತ್ತದೆ. ಅದಕ್ಕೇ ಮೀನು ಕೆಳಗೆ ಬದುಕಿರುತ್ತದೆ. "ಮೀನಿಗೆ ಬುದ್ಧಿ ಇದೆ, ತಳದಲ್ಲಿ ಸುಮ್ನೆ ಕೂತಿರುತ್ತೆ" ಅಂದಳು. ಮುಂದೆ ಹೇಳಲಿಲ್ಲ ನಾನು.

ತಪ್ಪು ಎಲ್ಲಾಯಿತು ಅಂತ ರಾತ್ರಿ ಯೋಚಿಸಿದೆ. ಐಸಿಲ್ಲದೆ ಐಸ್ ಫಿಶಿಂಗ್ ಕಲಿಯೋಕೆ ಹೋದದ್ದೇ ತಪ್ಪು. ನಮ್ಮಲ್ಲಿ ಐಸು ಎಲ್ಲಿದೆ? ಡೀಪ್ ಫ್ರೀಜರಿನಲ್ಲಿ. ಪುತ್ತರಿ ಹಬ್ಬದ ನೆಂಟರಿಗೆ ತಂದು ಮಿಕ್ಕಿದ್ದ ಐದು ಕಿಲೋ ಪಂದಿ, ಅಂದರೆ ಹಂದಿ ಮಾಂಸ, ಅದರಲ್ಲಿತ್ತು. ಇವಳು ಮದುವೆಮನೆಗೆ ಹೋದ ದಿನ ನೋಡಿ ಅದನ್ನು ಪಕ್ಕದ ತೋಟದ ಭಾವನ ಫ್ರಿಜ್ಜಿಗೆ ಸಾಗಿಸಿದೆ. ಪೇಂಟ್ ಬಕೆಟ್ಟಿಗೆ ನೀರು ತುಂಬಿ ಆ ಜಾಗದಲ್ಲಿಟ್ಟೆ.

ಮಧ್ಯೆ ಎರಡು ಸಲ ಕರೆಂಟ್ ಹೋಯಿತು. ನಾಲ್ಕನೇ ದಿನ ರಾತ್ರಿ ಫ್ರೀಜರಿನಿಂದ ಢಂ ಅಂತ ಸದ್ದು. ನೀರು ಗಟ್ಟಿಯಾದಾಗ ನೂರಕ್ಕೆ ಒಂಬತ್ತರಷ್ಟು ಹಿಗ್ಗುತ್ತದೆ, ನಾನು ಬಕೆಟ್ಟನ್ನು ಕಂಠದವರೆಗೂ ತುಂಬಿ ಮುಚ್ಚಳ ಬಡಿದಿದ್ದೆ. ಬಕೆಟ್ಟು ಮೇಲಿಂದ ಕೆಳಗೆ ಸೀಳಿತ್ತು. ಸದ್ದಿಗೆ ಎದ್ದು ಬಂದ ಇವಳು ಫ್ರೀಜರ್ ತೆಗೆದಳು. ಬಕೆಟ್ಟು ನೋಡಿದಳು. ಪಂದಿ ಎಲ್ಲಿ ಅಂತ ಕೇಳಿದಳು. ಆಮೇಲಿನ ಮಾತು ಇಲ್ಲಿ ಬರೆಯೋ ಹಾಗಿಲ್ಲ. ಭಾವನ ಮನೆಯಿಂದ ಪಂದಿ ವಾಪಸ್ ಬಂತು. ಮೂರು ಕಿಲೋ ಇತ್ತು. ಕೇಳಿದರೆ "ಕರೆಂಟ್ ಹೋಗಿತ್ತಲ್ಲ ಭಾವ, ಕೆಡಬಾರದು ಅಂತ" ಅಂದ.

ಆದರೆ ಐಸು ಮಾತ್ರ ಚೆನ್ನಾಗಿತ್ತು. ಅಂಚಿನಲ್ಲಿ ಗಾಜಿನ ಹಾಗೆ ತಿಳಿ, ನಡುವೆ ಗಾಳಿಗುಳ್ಳೆ ಸೇರಿ ಬಿಳಿ. ಅಳಿಯ ಹೇಳಿದ ಎರಡೂ ಜಾತಿ ಒಂದೇ ಬಕೆಟ್ಟಿನಲ್ಲಿ! ಅಂಗಳಕ್ಕೆ ಉರುಳಿಸಿ ಗುಂಡಿ ಮೆಷಿನ್ ತಂದು ಚಾಲೂ ಮಾಡಿದೆ. ಮಣ್ಣಿನ ಅಗರಿನ ಹಲ್ಲು ಮಣ್ಣನ್ನು ಅಗೆಯೋಕೆ ಇರೋದು, ಐಸಿನದಕ್ಕೆ ಕ್ಷೌರದ ಕತ್ತಿಯಂಥ ಅಲಗು ಇರುತ್ತದೆ ಅಂತ ಆಮೇಲೆ ತಿಳಿಯಿತು. ಆ ಹೊತ್ತಿಗೆ ತಿಳಿದದ್ದು ಇಷ್ಟೇ: ಮೆಷಿನ್ ಐಸನ್ನು ಕೊರೆಯುವ ಬದಲು ಹಿಡಿದುಕೊಂಡಿತು. ಹದಿನೆಂಟು ಕಿಲೋ ಗಡ್ಡೆ ರುಬ್ಬುಗುಂಡಿನ ಹಾಗೆ ಗಿರಗಿರ ತಿರುಗಿತು. ನಾಯಿ ಓಡಿತು. ಒಣಗಲು ಹರಡಿದ್ದ ಕಾಫಿ ನಡುವೆ ಗಡ್ಡೆ ಒಂದು ರಸ್ತೆ ಮಾಡಿಕೊಂಡು ಹೋಗಿ ಸಂಪಿಗೆ ಮರಕ್ಕೆ ಗುದ್ದಿ ನಿಂತಿತು. ತಮ್ಮ ಏನೂ ಅನ್ನದೆ ಮೆಷಿನ್ ಎತ್ತಿಕೊಂಡು ಹೋದ.

ಕೊನೆಗೆ ಆಚಾರಿಯ ಬೈರಿಗೆ ತಂದು ಒಂದು ಗಂಟೆ ಬೆವರು ಸುರಿಸಿ ಒಂದು ತೂತು ಕೊರೆದೆ. ಒಂದು ಇಂಚು ಅಗಲ. ಗದ್ದೆಯ ಪುಟ್ಟ ಕೊಯ್ಲೆ ಮೀನು ಕೂಡ ಅದರಲ್ಲಿ ಉಸಿರು ಬಿಗಿಹಿಡಿದೇ ದಾಟಬೇಕು. ಆದರೂ ತೂತು ತೂತೇ. ಇನ್ನೊಂದು ಬಕೆಟ್ಟು ಮಗುಚಿ ಹಾಕಿಕೊಂಡು ಅದರ ಪಕ್ಕ ಕೂತೆ. ಕೋಲು ಹಿಡಿದು ದಾರ ಇಳಿಬಿಟ್ಟೆ. ಫೋಟೋ ತೆಗೆದು ಅಳಿಯನಿಗೆ ಕಳಿಸೋಣ ಅಂತ.

ಅಷ್ಟು ಹೊತ್ತಿಗೆ ಗೇಟಿನಲ್ಲಿ ಪೋಂ ಪೋಂ. ಮೀನು ಗಾಡಿ. ಅವನು ಇಳಿದವನೇ ಮೀನಿನ ಹೆಸರು ಕೂಗಲಿಲ್ಲ, ಇವಳನ್ನೂ ಕರೆಯಲಿಲ್ಲ. ಸೀದಾ ನನ್ನ ಹತ್ತಿರ ಬಂದು ಗಡ್ಡೆಯನ್ನೇ ನೋಡುತ್ತಾ ನಿಂತ. ಘಾಟಿಯಲ್ಲಿ ಟೈರ್ ಪಂಚರ್ ಆಗಿ ಎರಡು ಗಂಟೆ ನಿಂತನಂತೆ. ಡಬ್ಬಿಯ ಐಸೆಲ್ಲ ನೀರು. ಇನ್ನೂ ಸಿದ್ದಾಪುರದವರೆಗೆ ಹೋಗಬೇಕು.

"ಸಾರ್, ಇದು ಕೊಡ್ತೀರಾ?"

ಕೊಟ್ಟೆ. ಇಬ್ಬರೂ ಸೇರಿ ಗಾಡಿಗೆ ಎತ್ತಿದೆವು. ಹಾರೆಯಲ್ಲಿ ಕುಟ್ಟಿ ಪುಡಿ ಮಾಡೋಕೂ ನಾನೇ ಕೈ ಹಾಕಿದೆ. ಹಾರೆ ಪಟ್ಟಿಯಲ್ಲಿ ಇತ್ತಲ್ವಾ. ಅವನು ಒಂದು ಕಿಲೋ ಬಂಗುಡೆ ತೂಗಿ ಕೊಟ್ಟು, ದುಡ್ಡು ಬೇಡ ಅಂದ. ಹೋಗುವಾಗ ತಡೆಯಲಾರದೆ ಕೇಳಿದ, "ನಡುವೆ ತೂತು ಯಾಕೆ ಸಾರ್?"

"ಮೀನು ಹಿಡಿಯೋಕೆ" ಅಂದೆ.

ಅವನು ನನ್ನ ಕೈಯಲ್ಲಿದ್ದ ಮೀನಿನ ಚೀಲ ನೋಡಿದ, ನನ್ನ ಮುಖ ನೋಡಿದ, ಸರಿ ಅನ್ನೋ ಹಾಗೆ ತಲೆ ಆಡಿಸಿದ. ಒಳಗಿಂದ ಇವಳು ಬಂದು ಒಂದು ಬಂಗುಡೆಯ ಕಿವಿರು ಎತ್ತಿ ನೋಡಿದಳು.

"ಇವತ್ತಿಂದಾ, ಐಸ್ ಮೀನಾ?"